ಡಬ್ಯಾಗಿನ ಸಾರಿನ ತೂಕ

ನಮ್ಮ ಮನಿಯವರು ನನ್ನ ಜೋಡಿ ಬಜಾರಕ್ಕ ಬರೂದು ಬಿಟ್ಟು ಬಾಳ ದಿವಸ ಆತು. ನಾ ಅವರ ಮರ್ಯಾದಿ ಕಳೀತೀನಂತ. ಖರೇನೂ ಅದ ಅನ್ರಿ. ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಿ ಹೋದೆ ಅಂದ್ರ, ಬಿಸ್ಕೀಟಿನ ಪುಡಿಕಿ ಇರಲಿ, ಉಪ್ಪಿನಕಾಯಿ ಬಾಟ್ಲಿ ಇರಲಿ, ಅದನ್ನ ಹಿಂದ ಮುಂದ ಹೊಳ್ಳಿಸಿ, ಚಷ್ಮಾ ಹಣಿ ಮ್ಯಾಲೆ ಏರಿಸಿ, ಇರಿವಿ ಹರದಂಗ ಬರದಿರೂ ಆ ಸಣ್ಣ ಅಕ್ಷರ ಪೂರಾ ಓದೂತನಕ ಬುಟ್ಟ್ಯಾಗ ಹಾಕಾಂಗಿಲ್ಲ. ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು, ಉಪ್ಪು ಎಷ್ಟು. ಹಿಂದ ನಿಂತವರು ಸುಮ್ಮಸುಮ್ಮನ ಕೆಮ್ಮತಾರ. "ಮಾವಶೀ, ಥೋಡಂ ಸರಕಾ" ಅಂತಾರ. ನಾ ಸರಿಯೂದಿಲ್ಲ. "ಓದಿ ಏನು ಮಾಡಾಕಿ, ಕಡೀಕ ಅದನ್ನ ತಿನ್ನಾಕಿ" ಅಂತಾರ ನಮ್ಮ ಮನಿಯವರು. ಅದೂ ಖರೇನ.

ಹೋದ ವಾರ ಹಿಂಗ ಏನೋ ಹುಡುಕ್ಕೋತ ಹೋದಾಕಿ ಒಂದು ಡಬ್ಬಿ ಮುಂದ ನಿಂತುಬಿಟ್ಟೆ. ಪರದೇಶದ ಕೋಳಿ ಸೂಪಿನ ಡಬ್ಬಿ, ಒಳಗ ಶಾವಿಗಿ ಹಾಕಿದ್ದು. ಚಿತ್ರದಾಗ ಒಂದು ಬಟ್ಟಲಾ, ಬಟ್ಟಲದ ತುಂಬ ಹಳದಿ ಸಾರು, ಸಾರಿನ್ಯಾಗ ಶಾವಿಗಿ ತೇಲಾಡತಿದ್ದವು. ನಮ್ಮ ಕೊಳ್ಳಾಗ ಲಿಂಗ ಅದ, ನಾ ಅಂಥಾದ್ದು ಮುಟ್ಟಾಕಿ ಅಲ್ಲ. ಆದ್ರೂ ಕೈಯಾಗ ತಗೊಂಡೆ. ಓದಿದೆ. ಆಮ್ಯಾಲೆ ಕೆಳಗಿನ ಕಟ್ಟಿ ಮ್ಯಾಲಿದ್ದ ತೊಗರಿ ಬ್ಯಾಳಿ ಪಾಕೀಟು ತಗೊಂಡು ಅದನ್ನೂ ಓದಿದೆ. ಒಂದು ಬಟ್ಟಲಾ ಡಬ್ಬಿ ಸಾರಿನ್ಯಾಗ ಎಷ್ಟು ಕಸು ಅದನೋ, ಅದಕ್ಕಿಂತ ಎಷ್ಟೋ ಹೆಚ್ಚು ಒಂದು ಮುಟಿಗಿ ಬ್ಯಾಳ್ಯಾಗ ಅದ. ಎರಡೂ ಇದ್ದಲ್ಲೇ ಇಟ್ಟು ಬಂದೆ. ಮನಿಗಿ ಬಂದ ಮ್ಯಾಲೆ ನೆನಪಾತು, ನಾ ಹೋದದ್ದು ಸಾಬಾಣ ತರಾಕ.

ತೊಗರಿ ಬ್ಯಾಳಿ ಅಂದ್ರ ನಮ್ಮ ತವರಮನಿ ನೋಡ್ರಿ. ನಮ್ಮ ಅಪ್ಪಾರದು ಸೊಲ್ಲಾಪುರ ಪ್ಯಾಟ್ಯಾಗ ಬ್ಯಾಳಿ ಅಂಗಡಿ. ಅಕ್ಕಲಕೋಟಿ ಕಡಿ ತೊಗರಿ ಗಾಡಿಗಟ್ಲೆ ಅಲ್ಲಿಗಿ ಬಂದು ಇಳೀತಿತ್ತು. ಬದಿಗಿ ಯಾಲಕ್ಕಿ, ಲವಂಗ, ಕೇಸರಿ ಅಂತ ಒಂದಷ್ಟು ಮಸಾಲಿ ಮಾಲೂ ಇಡತಿದ್ರು. ಮುಂಜಾನಿ ಮಿಲ್ಲಿನ ಭೋಂಗಾ ಕೂಗೂದ್ರಾಗ ಅಪ್ಪಾರು ಬಾಗಲ ತಗದು ಊದಿನಕಡ್ಡಿ ಹಚ್ಚಿರತಿದ್ರು. ಅಂಗಡಿ ನಡುವ ದೊಡ್ಡ ಕಾಟಾ. ತೊಲಿಗಿ ತೂಗಬಿಟ್ಟ ಕಬ್ಬಿಣದ ದಂಡಿಗಿ, ಅದರ ಎರಡೂ ತುದಿಗಿ ಸರಪಳ್ಯಾಗ ಕಟ್ಟಿದ ಕಟಿಗಿ ಹಲಗಿ. ಒಂದರ ಮ್ಯಾಲೆ ಚೀಲ, ಇನ್ನೊಂದರ ಮ್ಯಾಲೆ ತೂಕದ ಕಲ್ಲು. ನಮ್ಮ ಆಟ, ಪಾಠ, ಜಗಳ ಎಲ್ಲಾ ಆ ಕಾಟಾದ ಸುತ್ತ ಆತು. ಮೈಗಿ ಬ್ಯಾಳಿ ಹೊಟ್ಟಿನ ಧೂಳಿ ಹತ್ತಿ, ಸಾಲ್ಯಾಗ ಹುಡುಗ್ಯಾರು ನನ್ನ ಪಕ್ಕದಾಗ ಕುಂಡ್ರಾಕ ಒಲ್ಲೆ ಅಂತಿದ್ರು.

ತೂಕದಾಗ ಕಳವು ಮಾಡೂದು ಬಾಳ ಸಲೀಸು. ಹಲಗಿ ಅಂಚಿನ ಮ್ಯಾಲೆ ಕಾಲಿನ ಹೆಬ್ಬಟ್ಟು ಒತ್ತಿದ್ರ ಸಾಕು, ಹಗರ ಇದ್ದ ಮಾಲು ವಜ್ಜಿ ಆಗತದ. ಧೋತರದ ನಿರಿಗಿ ಮರಿಗಿ ಕಾಲು ಏನು ಮಾಡಾಕತ್ತದ ಅಂತ ಯಾರು ಬಗ್ಗಿ ನೋಡತಾರ. ಅದಕ್ಕ ನಮ್ಮ ಅಪ್ಪಾರದು ಒಂದು ಪದ್ಧತಿ ಇತ್ತು. ಚೀಲ ಏರಿಸಿ, ಕಲ್ಲು ಇಟ್ಟು, ದಂಡಿಗಿ ನೋಡೂಕಿಂತ ಮೊದಲ, ಗಟ್ಟಿ ದನಿ ತಗದು "ಕಾಲು ತಗೀರಿ" ಅಂತಿದ್ರು. ಹಮಾಲರು ಹಿಂದ ಸರೀತಿದ್ರು, ಮಾಲು ತಂದ ರೈತ ಸರೀತಿದ್ದ, ಅಪ್ಪಾರೂ ಕೈ ಹಿಂದ ಕಟ್ಟಿ ಸರದು ನಿಲ್ಲತಿದ್ರು. ಅಂಗಡ್ಯಾಗ ತಾವೊಬ್ರ ಇದ್ರೂ ಅಂತಿದ್ರು. ಅವರ ಬಾಯಾಗ ಆ ಮಾತು ಮಂತ್ರ ಆಗಿತ್ತು. ದಿವಸಾ ಕೇಳಿ ಕೇಳಿ ನಮಗೂ ರೂಢಿ ಆಗಿ, ಅವ್ವ ಎರಡು ಬಟ್ಟಲದಾಗ ಹಾಲು ಹಾಕೂ ಮುಂದ ನಾನೂ ಅಕ್ಕನೂ "ಕಾಲು ತಗಿ" ಅಂತ ಅಕಿನ್ನ ಕಾಡತಿದ್ವಿ.

ಇನ್ನೊಂದು ಪದ್ಧತಿ, ಯಾವ ಮಾಲೂ ಮೊದಲ ತಾವು ಬಾಯಾಗ ಹಾಕ್ಕೊಳ್ಳಾರದ ಅಪ್ಪಾರು ಮಾರತಿದ್ದಿಲ್ಲ. ಬ್ಯಾಳಿ ಕಡದು ನೋಡತಿದ್ರು, ಯಾಲಕ್ಕಿ ಜಗದು ನೋಡತಿದ್ರು. "ನನ್ನ ನಾಲಿಗಿ ದಾಟಿ ಹೋಗಲಿ" ಅಂತಿದ್ರು.

ದೀಪಾವಳಿ ಪಾಡವ್ಯಾದ ದಿನ ಕಾಟಾದ ಪೂಜಿ ಆದ ಮ್ಯಾಲೆ ನಮ್ಮಿಬ್ಬರನ್ನೂ ತೂಗೂದು ಮನಿ ಸಂಪ್ರದಾಯ. ನಾ ಕುಂತ್ರ ಹಲಗಿ ಧಪ್ ಅಂತ ನೆಲಕ್ಕ ಬಡೀತಿತ್ತು. "ಇಕಿ ಮಾಲು ಛಲೋ ಕಾಳು ತುಂಬೇದ" ಅಂತ ಅಪ್ಪಾರು ನಗತಿದ್ರು. ನಾ ಸಿಟ್ಟಾಗತಿದ್ದೆ. ಅಕ್ಕ ಶಾಂತಾ ನನಕಿಂತ ದೊಡ್ಡಾಕಿ, ಆದ್ರ ಮೈ ಹಗರ. ಸೀರಿ ಉಡಾಕ ಸುರು ಮಾಡಿದ ಮ್ಯಾಲೆ ನಾಚಿಕೊಂಡು ಕಾಟಾ ಏರೂದು ಬಿಟ್ಲು. ಅಕಿ ಮತ್ತ ಅದನ್ನ ಏರಿದ್ದು ಲಗ್ನಾಗಿ, ಹಡದು, ಜಡ್ಡಾಗಿ ತಿರುಗಿ ಬಂದ ಮ್ಯಾಲೆ. ಅದು ಎಪ್ಪತ್ತರ ದಶಕ, ನಾ ಆಗ ಮ್ಯಾಟ್ರಿಕ್ ಓದಾಕತ್ತಿದ್ದೆ.

ಅಕ್ಕನ್ನ ಬಾರ್ಶಿಗಿ ಕೊಟ್ಟಿದ್ರು. ಮಗ ಹುಟ್ಟಿ ನಡ್ಯಾಕ ಕಲಿಯೂದ್ರಾಗ ಅಕಿಗಿ ಟಿ.ಬಿ. ಹತ್ತೇದ ಅಂತ ಗೊತ್ತಾತು. ಅತ್ತಿ ಮನಿಯವರು ಕೂಸಿನ್ನ ಇಟಗೊಂಡು ಅಕಿನ್ನ ತಂದು ಬಿಟ್ಟು ಹೋದ್ರು. ಕೆಟ್ಟ ಮಾತು ಒಂದೂ ಆಡಲಿಲ್ಲ, ಅದರ ಸಂಕಟಾನ ಬ್ಯಾರೆ. "ಮೈ ಹಿಡದ ಮ್ಯಾಲೆ ಡಾಕ್ಟರರನ್ನ ಕೇಳಿ ತಿಳಸ್ರಿ, ಬಂದು ಕರಕೊಂಡು ಹೋಗತೀವಿ" ಅಂದ್ರು ಅಷ್ಟ. ಡಾಕ್ಟರರೂ ಇಂಜೆಕ್ಷನ್ ಕೊಟ್ಟು ಅದನ್ನ ಅಂದ್ರು. ಬ್ಯಾನಿ ಇಳೀಲಾಕತ್ತೇದ, ಆದ್ರ ಮೈ ತುಂಬಬೇಕು, ತೂಕ ಏರಬೇಕು. ಅವತ್ತಿನಿಂದ ಅಕ್ಕನ ಮಗ ಆ ಕಾಟಾದ ಆಚಿಕಡಿ ಹಲಗಿ ಮ್ಯಾಲೆ ಕುಂತಂಗಾತು ನಮಗ. ವಾರಕ್ಕೊಮ್ಮಿ ಅಂಗಡಿ ಸೂಟಿ ಇದ್ದ ದಿನ, ಬಾಗಲ ಅರ್ಧ ಮುಚ್ಚಿ, ಹಲಗಿ ಮ್ಯಾಲೆ ಮಡಚಿದ ಚಾದರ ಹಾಸಿ, ಅಪ್ಪಾರು ಅಕ್ಕನ್ನ ತೂಗತಿದ್ರು. ಬ್ಯಾಳಿ ಚೀಲ ಇಡೂ ಜಾಗಾದಾಗ ಅಕಿ ಮೊಣಕಾಲು ತಬ್ಬಿಕೊಂಡು ಕುಂಡ್ರತಿದ್ಲು. ಕಲ್ಲು ಒಂದೊಂದಾಗಿ ಇಳಸೂ ಮುಂದ ಅಪ್ಪಾರ ಮಾರಿ ನನಗ ನೋಡಾಕ ಆಗತಿದ್ದಿಲ್ಲ.

ಏನು ತಿನಸಬೇಕು ಅಂತ ಕೇಳಿದಾಗ ಡಾಕ್ಟರರು ಹಾಲು, ತೊಗರಿ ಕಟ್ಟು, ಹುರದ ಶೇಂಗಾ ಅಂತ ಹೇಳಿ, ಕಡೀಕ "ನಿಮ್ಮಲ್ಲಿ ನಡೀತಿದ್ರ ಕೋಳಿ ಸೂಪು" ಅಂದಿದ್ರು. ಅಪ್ಪಾರ ಕಿವ್ಯಾಗ ಕಡೀದಷ್ಟ ಉಳೀತು. ಯಾಕಂದ್ರ ಅದು ನಡ್ಯಾಂಗಿದ್ದಿಲ್ಲ. ಹಾಲು ಅಗ್ಗ, ಬ್ಯಾಳಿ ಅಂತೂ ಅಂಗಡಿ ತುಂಬ ಬಿದ್ದದ. ಕೈಗಿ ಸಿಗೂ ಮಾಲಿನ್ಯಾಗ ಏನು ಕಸು ಇರತದ ಅಂತ ಅವರ ಲೆಕ್ಕ. ಯಾವುದಕ್ಕ ಬಾಳ ತ್ರಾಸ ಪಡಬೇಕೋ ಅದ ಖರೇ ಔಷಧ. ಪ್ಯಾಟ್ಯಾಗ ಹುಟ್ಟಿ ಬೆಳದ ಮನಿಶಾಗ ಬ್ಯಾರೆ ಹೆಂಗ ತಿಳೀಬೇಕು. ಆದ್ರ ಕೋಳಿ ತರೂದು ಹೆಂಗ. ಪುಚ್ಚ, ವಾಸನಿ, ಓಣಿ ಮಂದಿ. ಅವ್ವನ ಅಡಗಿ ಮನಿ.

ಆಮ್ಯಾಲೆ ಒಂದು ದಿನ ಮುಂಬಯಿಯ ಯಾಲಕ್ಕಿ ವ್ಯಾಪಾರಿ ಕಳಿಸಿದ ಪೆಟಿಗ್ಯಾಗ, ಮರಾಠಿ ಪೇಪರಿನ್ಯಾಗ ಸುತ್ತಿದ ಒಂದು ಡಬ್ಬಿ ಬಂತು. ಅವರ ಪೈಕಿ ಯಾರೋ ಹಡಗದ ಮ್ಯಾಲೆ ಕೆಲಸಕ್ಕಿದ್ರಂತ, ಅಪ್ಪಾರು ಹೇಳಿ ತರಿಸಿದ್ರು. ಮೊಹರು ಹಾಕಿದ ಡಬ್ಬಿ. ವಾಸನಿ ಇಲ್ಲ, ರಗತ ಇಲ್ಲ, ಪುಚ್ಚ ಇಲ್ಲ. ತುಪ್ಪದ ಡಬ್ಬಿಗೋಳ ಹಿಂದ ಅದನ್ನಿಟ್ಟು ಅಪ್ಪಾರು ನನ್ನ ಕರದ್ರು. "ಏನೇನು ಅದ ಒಳಗ, ಓದು" ಅಂದ್ರು.

ನಾ ಕನ್ನಡ ಸಾಲಿ ಹುಡುಗಿ. ನನ್ನ ಇಂಗ್ಲೀಷು ನನಗೊಬ್ಬಾಕಿಗೇ ತಿಳೀತಿತ್ತು. ಆದ್ರೂ ಮನ್ಯಾಗ ನಾನ ಪಂಡಿತಿ. ಒಂದೊಂದ ಅಕ್ಷರ ಕೂಡಿಸಿ, ಸೈನ್ಸ್ ಪುಸ್ತಕದಾಗ ಕಂಡ ಶಬ್ದ ಹಿಡಕೊಂಡು ಹೇಳಿದೆ, ಪ್ರೋಟೀನ್ ಇಷ್ಟು ಗ್ರಾಂ, ಪಿಷ್ಟ ಇಷ್ಟು, ಕೊಬ್ಬು ಇಷ್ಟು. "ಮೈ ಹಿಡಿಸೂದು ಯಾವುದು?" "ಪ್ರೋಟೀನ್, ಅಪ್ಪಾ." ಅಪ್ಪಾರು ಕೇಸರಿ ತೂಗೂ ಸಣ್ಣ ಹಿತ್ತಾಳಿ ತಕ್ಕಡಿ ತಗದ್ರು. ಅಷ್ಟು ಗ್ರಾಮಿನ ಕಲ್ಲು ಒಂದು ಕಡಿ ಇಟ್ಟು, ಇನ್ನೊಂದು ಕಡಿ ರವಾ ಸುರವಿದ್ರು. ಒಂದು ಚಿಮಟಿ ರವಾ ಅಷ್ಟ, ತಕ್ಕಡ್ಯಾಗ ಕಂಡೂ ಕಾಣದಂಗ ಕುಂತಿತ್ತು.

ಅಪ್ಪಾರು ಅದನ್ನ ಬಾಳೊತ್ತು ನೋಡಿದ್ರು. ಆಮ್ಯಾಲೆ ಅವರ ಮಾರಿ ಅರಳ್ತು. "ಕೇಸರಿನೂ ಇಷ್ಟ ಇರತದ ನೋಡು" ಅಂದ್ರು. "ಅಸಲ ಮಾಲು ಯಾವಾಗಿದ್ರೂ ತೂಕಕ್ಕ ಹಗರ. ಚೀಲಗಟ್ಲೆ ಬರೂದು ಬರೇ ಹೊಟ್ಟಿಗಿ." ನನಗೂ ಖರೇ ಅನಿಸ್ತು. ನಾನೂ ಆ ಅಂಗಡಿ ಹುಡುಗೀನ ಅಲ್ಲೇನ್ರಿ.

ಡಬ್ಬಿ ಮ್ಯಾಲೆ ಇನ್ನೊಂದು ಮಾತು ಬರದಿದ್ರು, ಒಂದು ಡಬ್ಬಿ ಸಾರಿಗಿ ಒಂದು ಡಬ್ಬಿ ನೀರು ಹಾಕಿ ಕಾಸ್ರಿ ಅಂತ. ಅದನ್ನ ಓದಿ ಹೇಳಿದ್ದಕ್ಕ ಅಪ್ಪಾರಿಗಿ ಸಿಟ್ಟ ಬಂತು. "ನಮ್ಮ ಪ್ಯಾಟಿ ಕಳ್ಳರು ಕದ್ದು ನೀರು ಹಾಕತಾರ. ಇವರು ಹಾಕ್ರಿ ಅಂತ ಬರದು ಕೊಟ್ಟಾರಲ್ಲ" ಅಂದ್ರು. "ನನ್ನ ಮಗಳಿಗಿ ಕಲಬೆರಕಿ ಮಾಲು ಹಾಕಾಂವ ಅಲ್ಲ ನಾ. ಇದ್ದದ್ದು ಇದ್ದಂಗ ಕೊಡೂದು."

ಎಲ್ಲಿ ಕೊಡೂದು, ಅದು ಬ್ಯಾರೆ ಪಂಚಾತಿ. ಮನ್ಯಾಗ ಆಗಾಂಗಿಲ್ಲ. ಲಕ್ಷ್ಮಿ ಫೋಟೋ ಇದ್ದ ಅಂಗಡ್ಯಾಗ ಅಂತೂ ಇಲ್ಲ. ಕಡೀಕ, ಅಕ್ಕಲಕೋಟಿಗಿ ಸ್ವಾಮಿ ದರ್ಶನಕ್ಕ ಹೊಂಟೀವಿ ಅಂತ ಓಣಿ ತುಂಬ ಹೇಳಿ ಮೂರೂ ಮಂದಿ ಹೊಂಟ್ವಿ, ಅಪ್ಪಾರು, ಅಕ್ಕ, ನಾನು. ಅಲ್ಲಿಂದ ಮುಂದ ಕುರನೂರಾಗ ಬೀರಪ್ಪ ಅಂತ ಕುರಿ ಸಾಕಾಂವ ಇದ್ದ, ವರ್ಷಾ ತೊಗರಿ ತಂದು ನಮ್ಮಲ್ಲೇ ಹಾಕತಿದ್ದ. ಅವನ ಮನ್ಯಾಗ ಕಾಸೂದು ಅಂತ ಆತು. ಹೊಂಡೂ ಮುಂದ ಅವ್ವ ಕಾಯಿ ಕರ್ಪೂರದ ಚೀಲದಾಗ ಒಂದು ಹೊಸಾ ಬಟ್ಟಲಾ, ಒಂದು ಚಮಚಾ ಹಾಕಿದ್ಲು. "ಇವನ್ನ ಅಲ್ಲೇ ಬಿಟ್ಟು ಬರ್ರಿ" ಅಂದ್ಲು. ಅಷ್ಟ ಅಂದು ಒಳಗ ಹೋದ್ಲು. ಅವ್ವ ಅತ್ತಾಳೋ ಏನೋ, ನಾವ್ಯಾರೂ ಒಳಗ ಹೋಗಿ ನೋಡಲಿಲ್ಲ.

ದರ್ಶನ ಖರೇನ ಮಾಡಿದ್ವಿ. ಡಬ್ಬಿ ಇದ್ದ ಚೀಲ ಹೊರಗ ಚಪ್ಪಲಿ ಹತ್ರ ನಾ ಕಾಯಕೋತ ನಿಂತೆ, ಆಮ್ಯಾಲೆ ಅವರು ನಿಂತು ನಾ ಹೋಗಿ ಬಂದೆ. ಎತ್ತಿನ ಗಾಡ್ಯಾಗ ಕುರನೂರು ಮುಟ್ಟೂದ್ರಾಗ ಅಕ್ಕ ಬಾಡಿ ಹೋಗಿದ್ಲು. ಬೀರಪ್ಪನ ಹೇಣತಿ ಮಾಳವ್ವ ಬೇವಿನ ಗಿಡದ ಬುಡಕ ಕಂಬಳಿ ಹಾಸಿ ಅಕಿನ್ನ ಮಲಗಿಸಿದ್ಲು. ಬೀರಪ್ಪ ಚಾಕು ತುದಿಗಿ ಕಲ್ಲು ಬಡದು ಡಬ್ಬಿ ತಗದ. ಮಾಳವ್ವ ಅದನ್ನ ಗಡಿಗ್ಯಾಗ ಸುರವಿ ಒಲಿ ಮ್ಯಾಲಿಟ್ಟು ಸೌಟು ಆಡಿಸಿ ಆಡಿಸಿ ನೋಡಿದ್ಲು.

"ಕೋಳಿ ಎಲ್ಲದರಿ ಸಾವಕಾರ್ರ, ಇದರಾಗ?"

"ಅದ ಅಂತ ಬರದಾರವ್ವ."

ಮಾಳವ್ವ ಇನ್ನೊಮ್ಮಿ ಹುಡುಕಿ, ಉಗರಿನಷ್ಟು ಒಂದು ಚೂರು ಸೌಟಿನ್ಯಾಗ ಹಿಡದು ತೋರಿಸಿದ್ಲು. "ಇಷ್ಟಕ್ಕ ಮುಂಬಯಿತನಕ ಯಾಕ ಹೋದ್ರಿ? ಒಂದು ಮಾತು ಹೇಳ್ರಿ, ನಮ್ಮ ಹಿತ್ತಲ್ದಾಗಿಂದು ಒಂದು ಹಿಡದು ಕುದಸ್ತೀನಿ. ತಂಗಿ ನಾಕ ದಿನದಾಗ ಎದ್ದು ಓಡ್ಯಾಡತಾಳ."

"ಬ್ಯಾಡವ್ವ. ನಮ್ಮ ಸಲುವಾಗಿ ಒಂದು ಜೀವ ಹೋಗೂದು ಬ್ಯಾಡ."

"ಮತ್ತ ಈ ಡಬ್ಯಾಗಿಂದು ಯಾರ ಸಲುವಾಗಿ ಹೋತರಿ?" ಅಂತ ಕೇಳಿದ್ಲು ಮಾಳವ್ವ. ಕುಚೇಷ್ಟಿ ಅಲ್ಲ ಅದು, ಖರೇನ ಅಕಿಗಿ ತಿಳೀದಿದ್ದಿಲ್ಲ. ಅಪ್ಪಾರು ಖಾಲಿ ಡಬ್ಬಿ ಎತ್ತಿ ಹೊಳ್ಳಿಸಿ ನೋಡಿದ್ರು. ಆಮ್ಯಾಲೆ ಸಣ್ಣ ದನಿಲೆ, "ಅದು ಬರೇ ಮಾಲು ಬಿಡವ್ವ" ಅಂದ್ರು. ಅವರಿಗೇ ಆ ಮಾತು ಪಟ್ಟಂಗ ಕಾಣಲಿಲ್ಲ.

ಸಾರು ಕುದೀತು. ಮಾಳವ್ವ ಒಂದು ತಂಬಗಿ ನೀರು ಹಾಕಾಕ ಹೋದ್ಲು, ಅಪ್ಪಾರು ಕೈ ಅಡ್ಡ ಹಿಡದ್ರು. ಬಟ್ಟಲದಾಗ ಹಾಕಿ ಅಕ್ಕನ ಕಡಿ ಚಾಚೂ ಮುಂದ ಅಪ್ಪಾರ ಕೈ ಹಂಗ ನಿಂತಿತು. ಬಟ್ಟಲಾ ತಿರುಗಿ ತಮ್ಮ ಕಡಿ ಎಳಕೊಂಡ್ರು. ಅಂಗಿ ಒಳಗ ಕೈ ಹಾಕಿ ಲಿಂಗದ ಕರಡಗಿ ಬೆನ್ನಿನ ಕಡಿ ಸರಿಸಿದ್ರು. ಕಣ್ಣ ಮುಚ್ಚಿ ಒಂದು ಚಮಚಾ ತಮ್ಮ ಬಾಯಾಗ ಹಾಕ್ಕೊಂಡ್ರು. ಬ್ಯಾಳಿ ಕಡದು ನೋಡೂ ಹಂಗ, ಯಾಲಕ್ಕಿ ಜಗದು ನೋಡೂ ಹಂಗ, ನಾಲಿಗಿ ಮ್ಯಾಲೆ ಹಿಡದು ನುಂಗಿದ್ರು.

"ಅಪ್ಪಾ, ನೀವ್ಯಾಕ್ರಿ" ಅಂದ್ಲು ಅಕ್ಕ. ಅಕಿ ಕಣ್ಣಾಗ ನೀರು ಬಂದಿತ್ತು.

"ನನ್ನ ನಾಲಿಗಿ ದಾಟಿ ಹೋಗಲಿ" ಅಂದ್ರು ಅಪ್ಪಾರು.

ಉಪ್ಪು ಎಷ್ಟಿತ್ತೋ ಏನೋ. ನೀರು ಹಾಕಲಾರದ್ದು ಅದು, ಸಮುದ್ರದ ನೀರಿನಂಗ ಇದ್ದಿರಬೇಕು. ಅಪ್ಪಾರಿಗಿ ಅದರ ರುಚಿ ಹೆಂಗಿರಬೇಕು ಅಂತ ಗೊತ್ತಿದ್ರಲ್ಲೇನು. ಪರದೇಶದ ಔಷಧ ಹಿಂಗ ಇರತದ ಅಂತ ತಿಳಕೊಂಡ್ರು. ಅಕ್ಕ ಮಾರಿ ಸಿಂಡರಿಸದ ಬಟ್ಟಲಾ ಪೂರಾ ಕುಡದ್ಲು. ಶಾವಿಗಿ ಎಳಿ ಒಂದೂ ಬಿಡಲಿಲ್ಲ. ಕುಡಿಯೂ ಮುಂದ ಅಕಿ ಕಣ್ಣು ಅಪ್ಪಾರ ಮ್ಯಾಲಿದ್ದವು. ನನಗ ಅಕಿ ಮಗನ ನೆನಪಾಗಿ ಆಚಿಕಡಿ ತಿರುಗಿ ಕುಂತೆ.

ತಿರುಗಿ ಬರೂ ಮುಂದ ಹೋಟಗಿ ಸ್ಟೇಶನ್ನಾಗ ರೈಲು ಬಾಳೊತ್ತು ನಿಂತಿತು. ಅಕ್ಕ ದಾರಿ ತುಂಬ ನೀರು ನೀರು ಅಂತ ತಂಬಗಿ ಖಾಲಿ ಮಾಡಿದ್ಲು. ಅಲ್ಲಿ ಒಮ್ಮೆಕಲೆ ಎದ್ದು ಬಾಗಲಕ್ಕ ಹೋಗಿ ಪ್ಲಾಟ್‌ಫಾರ್ಮಿನ ಅಂಚಿಗಿ ಎಲ್ಲಾ ಕಾರಿಬಿಟ್ಲು. ನಾ ಅಕಿ ಹಣಿ ಹಿಡದು ನಿಂತೆ. ಸಾರು, ಶಾವಿಗಿ, ನೀರು, ಎಲ್ಲಾ ಹಂಗಿಂದ ಹಂಗ ಬಂತು. "ಅಪ್ಪಾಗ ಹೇಳಬ್ಯಾಡ" ಅಂದ್ಲು. ಹೊಳ್ಳಿ ನೋಡಿದ್ರ ಅಪ್ಪಾರು ಹಿಂದ ನಿಂತಿದ್ರು. ಕೈಯಾಗ ತಂಬಗಿ ಇತ್ತು, ನೀರು ತುಂಬಿಸಿಕೊಂಡು ಬಂದಿದ್ರು.

ಅಪ್ಪಾರು ಆಮ್ಯಾಲೆ ಎಷ್ಟೋ ದಿನ ಲಿಂಗಪೂಜಿಗಿ ದೇವರ ಮನ್ಯಾಗ ಕುಂಡ್ರಲಿಲ್ಲ. ಹಿತ್ತಲ್ದಾಗ ಬಾವಿ ಕಟ್ಟಿ ಹತ್ರ ಕುಂತು ಮಾಡಿಕೊಳ್ಳತಿದ್ರು. ಅವ್ವ ಯಾಕ ಅಂತ ಕೇಳಲಿಲ್ಲ, ನೀರು ಹೂವು ಅಲ್ಲೇ ಒಯ್ದು ಇಡತಿದ್ಲು. ಅಕ್ಕ ಬಾರ್ಶಿಗಿ ತಿರುಗಿ ಹೋಗಲಿಲ್ಲ. ಮಗ ಅಕಿನ್ನ ನೋಡಿದ್ದು ಅಕಿ ಮಣ್ಣಿಗಿ ಅವನ್ನ ತಂದಾಗ, ಅವನ ಅಜ್ಜಿ ಕಂಕುಳಾಗ ಕುಂತು. ಆ ವರ್ಷ ಪಾಡವ್ಯಾಕ್ಕ ಅಪ್ಪಾರು ಕಾಟಾ ಪೂಜಿ ಮಾಡಿದ್ರು, ನನ್ನ ತೂಗಲಿಲ್ಲ. ಮುಂದ ಎಂದೂ ತೂಗಲಿಲ್ಲ.

ಈಗ ಅಂಗಡ್ಯಾಗ ಡಬ್ಬಿ ಹೊಳ್ಳಿಸಿ ಓದೂ ಮುಂದ ನನಗ ಸಿಟ್ಟ ಬರತದ. ಯಾರ ಮ್ಯಾಲೆ ಅಂತ ಕೇಳಬ್ಯಾಡ್ರಿ. ಒಂದು ಚಿಮಟಿ ಅಂದ್ರ ಒಂದು ಚಿಮಟೀನ ಆಗಿತ್ತು, ಕೇಸರಿ ಆಗಿದ್ದಿಲ್ಲ. ಆ ಸಣ್ಣ ತಕ್ಕಡಿ ಖರೇನ ಹೇಳಿತ್ತು. ಚೀಲಗಟ್ಲೆ ಕಸು ನಮ್ಮ ಬೆನ್ನ ಹಿಂದ ಮಾಳಗಿತನಕ ಒಟ್ಟಿತ್ತು. ತೊಗರಿ ಕಟ್ಟು ಕೊಟ್ಟಿದ್ರ ಅಕ್ಕ ಉಳೀತಿದ್ಲು ಅಂತ ನಾ ಹೇಳಾಂಗಿಲ್ಲ, ಅವ್ವ ಅದನ್ನೂ ಕೊಡತಿದ್ಲು, ಅದೂ ಹೊಟ್ಟ್ಯಾಗ ನಿಲ್ಲತಿದ್ದಿಲ್ಲ. ಆದ್ರ ಆ ಒಂದು ಚಮಚಾ ಅಪ್ಪಾರಿಗಿ ತಪ್ಪತಿತ್ತು.

ಇಷ್ಟೆಲ್ಲಾ ಹೇಳಿದ್ನಲ್ಲ, ನನ್ನ ಕಣ್ಣಿಗಿ ಕಟ್ಟಿದ್ದು ಕುರನೂರೂ ಅಲ್ಲ, ಹೋಟಗಿನೂ ಅಲ್ಲ. ಅದರ ಮುಂದಿನ ಸೂಟಿ ದಿನ.

ಬಾಗಲ ಅರ್ಧ ಮುಚ್ಚಿತ್ತು. ಹೊರಗ ಓಣ್ಯಾಗ ಯಾರೋ ಚಾದರದ ಗಂಟು ಹೊತ್ತು ಕೂಗಿಕೋತ ಹೊಂಟಿದ್ದ. ಅಪ್ಪಾರು ಹಲಗಿ ಮ್ಯಾಲೆ ಚಾದರ ಹಾಸಿದ್ರು, ಅಕ್ಕ ಏರಿ ಕುಂತ್ಲು. ಹೋದ ವಾರದ್ದ ಕಲ್ಲು ಆಚಿಕಡಿ ಇಟ್ರು. ನಾ ಗ್ವಾಡಿಗಿ ಆತು ನಿಂತಿದ್ದೆ. ಏನೋ ಒಂದು ಕಡಿಮಿ ಅನಿಸ್ತು ನನಗ, ಏನು ಅಂತ ಲಗೂನ ತಿಳೀಲಿಲ್ಲ. ದಂಡಿಗಿ ನೋಡೂ ಮೊದಲ ಅನ್ನೂ ಆ ಮಂತ್ರ ಅಪ್ಪಾರು ಅಂದಿದ್ದಿಲ್ಲ.

ಅಕ್ಕನ ಹಲಗಿ ಮೆಲ್ಲಕ ಕೆಳಗ ಇಳೀತು.

"ನೋಡವ್ವ" ಅಂದ್ರು ಅಪ್ಪಾರು. "ಏರೇದ. ಸಾರು ಮೈಗಿ ಹತ್ತೇದ. ನಾಳಿನ ಬಾರ್ಶಿಗಿ ತಿಳಸ್ತೀನಿ." ಇನ್ನೊಂದು ಸಣ್ಣ ಕಲ್ಲು ಆಚಿಕಡಿ ಇಟ್ರು. ಆದ್ರೂ ಅಕ್ಕನ ಹಲಗಿ ಕೆಳಗ ಇತ್ತು.

ಅಕ್ಕ ಆಚಿಕಡಿ ಕಲ್ಲು ನೋಡಿದ್ಲು. ಆಮ್ಯಾಲೆ ತಲಿ ಬಗ್ಗಿಸಿ ತನ್ನ ಹಲಗಿ ಅಂಚು ನೋಡಿದ್ಲು, ಧೋತರದ ನಿರಿಗಿ ಬಂದು ಮುಟ್ಟಿದ್ದ ಅಂಚು. ಅಕಿನೂ ಆ ಅಂಗಡ್ಯಾಗ ಬೆಳದಾಕಿ. ಸುಮ್ಮನಿದ್ದುಬಿಡತಾಳ ಅಂದುಕೊಂಡೆ, ಸುಮ್ಮನಿರಲಿ ಅಂತ ಬೇಡಿಕೊಂಡೆ. ಅಕಿ ಕೈ ಚಾಚಿ ಅಪ್ಪಾರ ಮೊಣಕಾಲು ಮುಟ್ಟಿದ್ಲು, ಸಣ್ಣಾಕಿ ಇದ್ದಾಗ ಮುಟ್ಟತಿದ್ದಂಗ.

"ಅಪ್ಪಾ" ಅಂದ್ಲು. "ಕಾಲು ತಗೀರಿ."

ಅಪ್ಪಾರು ಕಾಲು ತಗದ್ರು. ಅಕ್ಕ ಕುಂತ ಹಲಗಿ ಮ್ಯಾಲಕ್ಕ ಹೋತು.